ದೂರು ತಂದವರನ್ನು ಬಾಗಿಲಲ್ಲೇ ತಡೆಯಬೇಡಿ: ಇಮೇಲ್ ಸೇವೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇಮೇಲ್ ಸೇವೆ ನಡೆಸುವ ಸಂಸ್ಥೆಗಳ ಮುಖ್ಯಸ್ಥರಿಗೆ ಮತ್ತು ಡೊಮೇನ್ ಹೆಸರುಗಳನ್ನು (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರುಗಳನ್ನು) ನೋಂದಾಯಿಸಿಕೊಡುವ ಕಂಪನಿಗಳ ಹೊಣೆ ಹೊತ್ತವರಿಗೆ,

ಮಾನ್ಯರೇ,

ನಾನು ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಕಂಪ್ಯೂಟರ್ ವಿಷಯ ಓದಿದವಳಲ್ಲ. ಆದರೂ ಕಳೆದ ಎರಡು ತಿಂಗಳಲ್ಲಿ ಇಮೇಲ್ ಬಗ್ಗೆ ಕಲಿತಷ್ಟನ್ನು ಹಿಂದಿನ ಹದಿನೈದು ವರ್ಷಗಳಲ್ಲಿ ಕಲಿತಿರಲಿಲ್ಲ. ಕಲಿಯಬೇಕಾಗಿ ಬಂದದ್ದು ಒಂದು ಮೋಸದಿಂದ. ಈ ಪತ್ರ ಬರೆಯುತ್ತಿರುವುದು ಮಾತ್ರ ಆ ಮೋಸಕ್ಕಾಗಿ ಅಲ್ಲ, ಅದನ್ನು ನಿಮಗೆ ತಿಳಿಸಲು ಬಂದಾಗ ನನಗೆ ಆದ ಅನುಭವಕ್ಕಾಗಿ. ನಿಮ್ಮಲ್ಲಿ ಯಾರ ಹೆಸರನ್ನೂ ಇಲ್ಲಿ ತೆಗೆದಿಲ್ಲ. ನಾನು ತಟ್ಟಿದ ಮೂರು ಬಾಗಿಲುಗಳಲ್ಲೂ ಆದದ್ದು ಹೆಚ್ಚುಕಡಿಮೆ ಒಂದೇ.

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಮಗೆ ಸಾಮಾನು ಪೂರೈಸುವ ಕಂಪನಿಯೊಂದರ ಜೊತೆ ಎಂಟು ವರ್ಷಗಳ ವ್ಯವಹಾರ. ಬಿಲ್ಲುಗಳು ಇಮೇಲ್‌ನಲ್ಲಿ ಬರುತ್ತವೆ, ನಾವು ಬ್ಯಾಂಕಿನ ಮೂಲಕ ಹಣ ಕಳಿಸುತ್ತೇವೆ. ಈ ಕೆಲಸ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರದು. ಕಚೇರಿಯಲ್ಲಿ ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಲೆಕ್ಕದಲ್ಲಿ ಒಂದು ಕಾಸು ಆಚೀಚೆ ಆದದ್ದನ್ನು ನಾನು ನೋಡಿಲ್ಲ.

ಒಂದು ಸೋಮವಾರ ಬೆಳಿಗ್ಗೆ, ಹಳೆಯ ಪತ್ರಗಳ ಅದೇ ಸರಣಿಯಲ್ಲಿ ಒಂದು ಉತ್ತರ ಬಂತು. ಕೆಳಗೆ ನಾವು ಹಿಂದೆ ಬರೆದುಕೊಂಡದ್ದೆಲ್ಲ ಇತ್ತು. ಅದೇ ಹೆಸರು, ಅದೇ ಸಹಿ. ಬಿಲ್ಲಿನ ಸಂಖ್ಯೆ ಸರಿ, ಮೊತ್ತ ಸರಿ. ಒಂದೇ ಒಂದು ಸಾಲು ಹೊಸದು: ನಮ್ಮ ಖಾತೆಯ ಲೆಕ್ಕ ತಪಾಸಣೆ ನಡೆಯುತ್ತಿದೆ, ಈ ಸಲದ ಹಣವನ್ನು ದಯವಿಟ್ಟು ಕೆಳಗಿನ ಖಾತೆಗೆ ಹಾಕಿ. ಅಕ್ಕ ಹಾಕಿದರು. ಹನ್ನೆರಡು ದಿನ ಕಳೆದ ಮೇಲೆ ಆ ಕಂಪನಿಯವರು ಫೋನ್ ಮಾಡಿ, "ಮೇಡಂ, ಈ ತಿಂಗಳ ಹಣ ಇನ್ನೂ ಬಂದಿಲ್ಲವಲ್ಲ" ಎಂದರು. ರಿಸೀವರ್ ಹಿಡಿದಿದ್ದ ಅಕ್ಕನ ಮುಖ ಬಿಳಚಿಕೊಂಡದ್ದನ್ನು ಎದುರು ಮೇಜಿನಲ್ಲಿ ಕೂತು ನಾನೇ ನೋಡಿದೆ.

ಆ ಕಂಪನಿಯ ಇಮೇಲ್ ವಿಳಾಸದಲ್ಲಿ ಇಂಗ್ಲಿಷಿನ ಎಮ್ ಅಕ್ಷರ ಬರುತ್ತದೆ. ಮೋಸದ ವಿಳಾಸದಲ್ಲಿ ಎಮ್ ಇರಬೇಕಾದ ಜಾಗದಲ್ಲಿ ಆರ್ ಮತ್ತು ಎನ್ ಎರಡನ್ನೂ ಒತ್ತಾಗಿ ಬರೆದಿದ್ದರು. ಕಂಪ್ಯೂಟರ್ ಪರದೆಯಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ನೋಡಿದಾಗಲೂ ಮೊದಲ ಸಲ ನನಗೆ ಕಾಣಲಿಲ್ಲ. ಅಕ್ಕ ನೋಡಿದ್ದು ಮೊಬೈಲ್‌ನಲ್ಲಿ. ಅಲ್ಲಿ ನೀವು ಕಳಿಸಿದವರ ಹೆಸರನ್ನು ಮಾತ್ರ ತೋರಿಸುತ್ತೀರಿ, ವಿಳಾಸ ಬೇಕೆಂದರೆ ಹೆಸರನ್ನು ಒತ್ತಿ ತೆರೆಯಬೇಕು. ಆ ಹೆಸರೋ, ಕಳಿಸುವವರು ತಮಗೆ ಬೇಕಾದಂತೆ ಬರೆದುಕೊಳ್ಳುವಂಥದ್ದು. ನಂಬಬಾರದ್ದನ್ನು ದಪ್ಪಕ್ಷರದಲ್ಲಿ ಮುಂದಿಟ್ಟು, ನೋಡಲೇಬೇಕಾದದ್ದನ್ನು ಒಳಗೆ ಮುಚ್ಚಿಟ್ಟಿದ್ದೀರಿ.

ಹಳೆಯ ಪತ್ರಗಳು ಕಳ್ಳರ ಕೈಗೆ ಸಿಕ್ಕಿದ್ದು ಹೇಗೆಂದು ಆಮೇಲೆ ತಿಳಿಯಿತು. ಆ ಕಂಪನಿಯ ಒಬ್ಬ ನೌಕರರ ಪಾಸ್‌ವರ್ಡ್ ಕದ್ದಿದ್ದರು. ಕದ್ದ ಮೇಲೆ ಗಲಾಟೆ ಮಾಡಲಿಲ್ಲ. ಅವರ ಇಮೇಲ್ ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಒಂದು ನಿಯಮ ಬರೆದಿಟ್ಟರು: ಬಿಲ್ಲು, ಹಣ, ಪಾವತಿ ಎಂಬ ಪದಗಳಿರುವ ಪತ್ರ ಬಂದರೆ ಒಂದು ಪ್ರತಿ ಹೊರಗೆ ಹೋಗಲಿ, ಮೂಲಪತ್ರ ಯಾರೂ ತೆರೆಯದ ಫೋಲ್ಡರ್‌ಗೆ ಸೇರಲಿ. ವಾರಗಟ್ಟಲೆ ಅವರ ಪತ್ರಗಳನ್ನು ಓದಿ, ಮಾತಿನ ಧಾಟಿ ಕಲಿತು, ಸರಿಯಾದ ದಿನಕ್ಕೆ ಕಾದಿದ್ದಾರೆ. ನಿಯಮ ಬರೆದ ಆ ಹೊತ್ತಿನಲ್ಲಿ ಪೆಟ್ಟಿಗೆಯ ಒಡೆಯರಿಗೆ ಕಣ್ಣಿಗೆ ಬೀಳುವಂಥ ಒಂದು ಎಚ್ಚರಿಕೆ ಹೋಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಹಣ ಹೋದ ಸುದ್ದಿ ತಿಳಿದ ಕೂಡಲೇ ಅಕ್ಕ ಮಾಡಿದ ಮೊದಲ ಕೆಲಸ ಆ ಪತ್ರವನ್ನು ಅಳಿಸಿದ್ದು. ಏಕೆ ಅಳಿಸಿದಿರಿ ಎಂದು ಕೇಳಿದೆ. "ಅದು ಕಣ್ಣೆದುರು ಇರುವುದೇ ಬೇಡ ಅನ್ನಿಸಿತು ಕಣೇ" ಎಂದರು. ಎರಡು ದಿನ ಕಚೇರಿಗೆ ಬರಲಿಲ್ಲ. ಆ ನಷ್ಟವನ್ನು ತಮ್ಮ ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಮಾಲೀಕರಿಗೆ ಚೀಟಿ ಬರೆದುಕೊಟ್ಟಿದ್ದರು. ಮಾಲೀಕರು ಒಪ್ಪಲಿಲ್ಲ, ಅದು ಅವರ ದೊಡ್ಡತನ. ಅಳಿಸಿದ ಪತ್ರ ಕಸದ ಫೋಲ್ಡರ್‌ನಲ್ಲಿ ಇನ್ನೂ ಇದ್ದದ್ದು ನಮ್ಮ ಪುಣ್ಯ. ಹಲವು ಸೇವೆಗಳಲ್ಲಿ 30 ದಿನ ಕಳೆದರೆ ಅದೂ ಇರುವುದಿಲ್ಲ.

ಅಕ್ಕನಂಥವರ ಈ ನಾಚಿಕೆಯ ಬಗ್ಗೆ ನಿಮಗೆ ಒಂದು ಮಾತು ಹೇಳಲೇಬೇಕು. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ವ್ಯಕ್ತಿ ತೈವಾನಿನ ಒಂದು ಯಂತ್ರಾಂಶ ಕಂಪನಿಯ ಹೆಸರಿನಲ್ಲಿ ಸುಳ್ಳು ಬಿಲ್ಲುಗಳನ್ನು ಇಮೇಲ್ ಮಾಡಿ ಗೂಗಲ್ ಮತ್ತು ಫೇಸ್‌ಬುಕ್‌ನಿಂದ ಒಟ್ಟು 10 ಕೋಟಿ ಡಾಲರಿಗೂ ಹೆಚ್ಚು ಹಣ ಪಡೆದಿದ್ದ. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷಗಳ ಜೈಲುಶಿಕ್ಷೆ ವಿಧಿಸಿತು. ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರುಗಳಿರುವ ಮನೆಗಳಲ್ಲೇ ನಂಬಿ ಹಣ ಕಟ್ಟಿದ್ದಾರೆ. ಹಾಗಿರುವಾಗ ಮೊಬೈಲ್‌ನಲ್ಲಿ ಬರೀ ಹೆಸರು ನೋಡಿ ನಂಬಿದ ಒಬ್ಬ ಗುಮಾಸ್ತೆಯನ್ನು ಪೆದ್ದಿ ಎನ್ನುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಸಹಾಯ ಪುಟಗಳಲ್ಲಿ ಮಾತ್ರ ಇಂದಿಗೂ ಒಂದೇ ಉಪದೇಶ: ಬಳಕೆದಾರರು ಎಚ್ಚರದಿಂದಿರಬೇಕು, ಬಳಕೆದಾರರು ಪರಿಶೀಲಿಸಬೇಕು. ಎಚ್ಚರದ ಭಾರವನ್ನೆಲ್ಲ ಓದುವವರ ಮೇಲೇ ಹೇರಿದಾಗ, ಮೋಸಹೋದವರಿಗೆ ತಾವೇ ತಪ್ಪಿತಸ್ಥರು ಅನ್ನಿಸುತ್ತದೆ. ಅವರು ಪತ್ರ ಅಳಿಸುತ್ತಾರೆ, ಬಾಯಿ ಮುಚ್ಚಿಕೊಳ್ಳುತ್ತಾರೆ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಬ್ಯಾಂಕಿನವರು ಮತ್ತು ಸೈಬರ್ ಅಪರಾಧ ವಿಭಾಗದವರು ದೂರು ಬರೆದುಕೊಂಡರು, ಸಂಖ್ಯೆ ಕೊಟ್ಟರು. ಹನ್ನೆರಡು ದಿನ ತಡವಾದ್ದರಿಂದ ಹಣ ಆ ಖಾತೆಯಿಂದ ಆಗಲೇ ದಾಟಿಹೋಗಿತ್ತು. ಬೇಗ ತಿಳಿಸಿದರೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಎಫ್‌ಬಿಐನ ಇಂಟರ್‌ನೆಟ್ ಅಪರಾಧ ದೂರು ಕೇಂದ್ರದ ಲೆಕ್ಕ ಇದೆ. 2023ರಲ್ಲಿ ಅಲ್ಲಿಗೆ ಇಂಥ ವ್ಯವಹಾರದ ಇಮೇಲ್ ಮೋಸಗಳ ಬಗ್ಗೆಯೇ 21,489 ದೂರುಗಳು ಬಂದವು, ನಷ್ಟ ಸುಮಾರು 290 ಕೋಟಿ ಡಾಲರ್. ಅದೇ ವರ್ಷ ಹಣ ತಡೆಹಿಡಿಯುವ ಅವರ ತಂಡ ತುರ್ತಾಗಿ ಕೈಹಾಕಿದ 3,008 ಪ್ರಕರಣಗಳಲ್ಲಿ ನೂರಕ್ಕೆ 71ರಷ್ಟು ಹಣ ಬ್ಯಾಂಕುಗಳಲ್ಲೇ ನಿಂತಿತು. ಆ ಅಂಕಿ ಓದಿದಾಗ ನನಗೆ ನೆನಪಾದದ್ದು ಆ ಹನ್ನೆರಡು ದಿನ. ಹಾಗೂ ಇನ್ನೊಂದು ಸಂಗತಿ: ಅದೇ ನಕಲಿ ವಿಳಾಸದಿಂದ ಆ ಕಂಪನಿಯ ಬೇರೆ ಗಿರಾಕಿಗಳಿಗೂ ಪತ್ರ ಹೋಗಿತ್ತು. ಅವರಲ್ಲೊಬ್ಬರು ನಮಗಿಂತ ಒಂದು ವಾರ ಮೊದಲೇ ಅದನ್ನು ಮೋಸವೆಂದು ಗುರುತಿಸಿ ದೂರಿನ ಗುಂಡಿ ಒತ್ತಿದ್ದರು. ಅವರೂ ನಾವೂ ಒಂದೇ ಸಂಸ್ಥೆಯ ಇಮೇಲ್ ಬಳಸುವವರು. ಅವರ ದೂರು ನಮ್ಮ ಪೆಟ್ಟಿಗೆಯವರೆಗೆ ಬರಲಿಲ್ಲ.

ಇನ್ನು ನಾನು ನಿಮ್ಮ ಬಾಗಿಲಿಗೆ ಬಂದ ಕಥೆ.

ಮೊದಲು ನಮ್ಮ ಇಮೇಲ್‌ನಲ್ಲಿರುವ ದೂರಿನ ಗುಂಡಿ ಒತ್ತಿದೆ. "ಧನ್ಯವಾದ" ಎಂದು ಒಂದು ಸಾಲು ಎರಡು ಸೆಕೆಂಡು ಮಿಂಚಿ ಮಾಯವಾಯಿತು. ದೂರಿನ ಸಂಖ್ಯೆ ಇಲ್ಲ, ಪ್ರತಿ ಇಲ್ಲ. ಪತ್ರವೂ ಕಣ್ಮರೆ. ಗಾಬರಿಯಲ್ಲಿ ಹುಡುಕಿದಾಗ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಸಿಕ್ಕಿತು.

ಆಮೇಲೆ ಹೆಡರ್ ಓದಲು ಕಲಿತೆ. ಪತ್ರದ ಬೆನ್ನಿಗೆ ಅಂಚೆಮುದ್ರೆಗಳ ಹಾಗೆ ಪ್ರತಿಯೊಂದು ಸರ್ವರ್ ಒಂದೊಂದು ಸಾಲು ಸೇರಿಸುತ್ತ ಬರುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗಿನ ಸಾಲುಗಳನ್ನು ಕಳ್ಳರು ಸುಳ್ಳಾಗಿಯೂ ಬರೆದಿರಬಹುದು, ನಮ್ಮದೇ ಸರ್ವರ್ ಬರೆದ ಸಾಲನ್ನು ನಂಬಬಹುದು. ಇಷ್ಟು ತಿಳಿಯಲು ಮೂರು ರಾತ್ರಿ ಬೇಕಾಯಿತು. ಡೊಮೇನ್ ನೋಂದಣಿಯ ವಿವರ ತೆಗೆದು ನೋಡಿದೆ. ಆ ಹೆಸರು ಹುಟ್ಟಿದ್ದು ಮೋಸದ ಪತ್ರ ಬರುವುದಕ್ಕೆ ಹನ್ನೊಂದು ದಿನ ಮೊದಲು. ಎಂಟು ವರ್ಷ ಹಳೆಯ ಪತ್ರವ್ಯವಹಾರದ ನಡುವೆ ಹನ್ನೊಂದು ದಿನದ ಕೂಸು ಬಂದು ಹಿರಿಯರ ಹೆಸರಿನಲ್ಲಿ ಮಾತಾಡಿದೆ. ಲೆಕ್ಕ ನೋಡುವ ನನಗೇ ಇದು ಹತ್ತು ನಿಮಿಷದಲ್ಲಿ ಕಂಡ ಮೇಲೆ, ನಿಮ್ಮ ಯಂತ್ರಗಳಿಗೆ ಕಾಣದು ಎಂದರೆ ಹೇಗೆ ಒಪ್ಪಲಿ?

ಆ ಹೆಡರಿನಲ್ಲೇ ಇನ್ನೊಂದನ್ನೂ ನೋಡಿದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಪಾಸಣೆಗಳಲ್ಲೂ ಪತ್ರ ಪಾಸಾಗಿತ್ತು! ಇದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಇಮೇಲ್ ಸಾಗಿಸುವ ನಿಯಮ 1982ರಲ್ಲಿ ಬರೆದದ್ದು. ಲಕೋಟೆಯ ಮೇಲೆ ಕಳಿಸಿದವರು ಯಾರೆಂದು ಏನು ಬರೆದರೂ ಅದು ಪ್ರಶ್ನಿಸುತ್ತಿರಲಿಲ್ಲ. ಆ ತೂತು ಮುಚ್ಚಲು ಬಂದವು ಈ ಮೂರು ತಪಾಸಣೆಗಳು. ಪತ್ರ ಯಾವ ಡೊಮೇನಿನ ಹೆಸರು ಹೇಳುತ್ತದೋ ಆ ಡೊಮೇನಿನ ಒಪ್ಪಿಗೆಯಿಂದಲೇ ಬಂದಿದೆಯೇ ಎಂದಷ್ಟೇ ಅವು ನೋಡುತ್ತವೆ. ಆ ಡೊಮೇನೇ ಕಳ್ಳನದಾದರೆ? ಕಳ್ಳ ತನ್ನ ಹೆಸರಿನ ಚೀಟಿಯನ್ನು ತಾನೇ ತೋರಿಸಿ ಒಳಗೆ ಬರುತ್ತಾನೆ. ಅಂದಮೇಲೆ ಪಾಸಾಗಿದೆ ಎಂಬುದಕ್ಕೆ ನಂಬಬಹುದು ಎಂಬ ಅರ್ಥವಿಲ್ಲ. ಇದನ್ನು ಬಳಕೆದಾರರಿಗೆ ನೇರವಾಗಿ ಹೇಳಿದ ಒಂದು ಸಹಾಯ ಪುಟವೂ ನನಗೆ ಸಿಗಲಿಲ್ಲ.

ಇಷ್ಟೆಲ್ಲ ಜೋಡಿಸಿಕೊಂಡು, ಆ ನಕಲಿ ಡೊಮೇನಿನ ಇಮೇಲ್ ನಡೆಸುತ್ತಿದ್ದ ಸಂಸ್ಥೆಗೆ ಬರೆದೆ. ದುರುಪಯೋಗದ ದೂರುಗಳಿಗೆ ಪ್ರತಿ ಸಂಸ್ಥೆಯೂ ಅಬ್ಯೂಸ್ ಎಂಬ ಹೆಸರಿನ ವಿಳಾಸ ಇಟ್ಟುಕೊಳ್ಳಬೇಕೆಂದು 1997ರಲ್ಲೇ ಇಂಟರ್‌ನೆಟ್ಟಿನ ನಿಯಮ ಬರೆದಿದ್ದಾರೆ. ಮೂಲಪತ್ರವನ್ನು ಸುಮ್ಮನೆ ಫಾರ್ವರ್ಡ್ ಮಾಡಿದರೆ ಹೆಡರ್ ಕಳೆದುಹೋಗುತ್ತದೆ ಎಂದು ಓದಿದ್ದರಿಂದ, ಇಡೀ ಪತ್ರವನ್ನೇ ಅಟ್ಯಾಚ್‌ಮೆಂಟ್ ಮಾಡಿ ಆ ವಿಳಾಸಕ್ಕೆ ಕಳಿಸಿದೆ. ನಾಲ್ಕು ನಿಮಿಷದಲ್ಲಿ ವಾಪಸ್ ಬಂತು. ಕಾರಣ: "ನಿಮ್ಮ ಸಂದೇಶದಲ್ಲಿ ಅಪಾಯಕಾರಿ ವಿಷಯ ಇರುವುದರಿಂದ ಸ್ವೀಕರಿಸಲಾಗಿಲ್ಲ."

ಮಾನ್ಯರೇ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಅದೇ ಪತ್ರ ನಿಮ್ಮ ಸರ್ವರಿನಿಂದ ಹೊರಟು ಅಕ್ಕನ ಪೆಟ್ಟಿಗೆಗೆ ಬರುವಾಗ ಯಾರೂ ತಡೆಯಲಿಲ್ಲ. ಅದನ್ನು ಸಾಕ್ಷಿಯಾಗಿ ನಿಮಗೇ ಮರಳಿ ಕಳಿಸಿದಾಗ ಅಪಾಯಕಾರಿ ಎಂದು ತಿರುಗಿಸಿದಿರಿ. ಠಾಣೆಗೆ ಕಳ್ಳನ ಚಾಕು ತಂದುಕೊಟ್ಟವನನ್ನು ಆಯುಧ ಹಿಡಿದು ಬಂದವನೆಂದು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ ಹಾಗಾಯಿತು.

ಆಮೇಲೆ ನಿಮ್ಮ ದೂರಿನ ಫಾರ್ಮ್ ತುಂಬಲು ಹೋದೆ. ವಿವರಕ್ಕೆ 500 ಅಕ್ಷರಗಳ ಮಿತಿ. ಹೆಡರ್ ಒಂದೇ ಅದರ ಹತ್ತರಷ್ಟಿದೆ. ಫೈಲ್ ಸೇರಿಸಲು ಜಾಗವಿಲ್ಲ. ಕೈಗೆ ಬಂದಷ್ಟು ತುಂಡು ಮಾಡಿ ತುಂಬಿದೆ. ಇಂದಿಗೂ ಉತ್ತರವಿಲ್ಲ.

ಡೊಮೇನ್ ನೋಂದಾಯಿಸಿಕೊಟ್ಟ ಕಂಪನಿಯವರು ಉತ್ತರ ಕೊಟ್ಟರು, ಅದನ್ನು ಮೆಚ್ಚುತ್ತೇನೆ. ಆದರೆ ಉತ್ತರ ಹೀಗಿತ್ತು: "ಈ ಡೊಮೇನಿನಲ್ಲಿ ಯಾವ ವೆಬ್‌ಸೈಟೂ ಇಲ್ಲ, ಆದ್ದರಿಂದ ದುರುಪಯೋಗ ಕಂಡುಬಂದಿಲ್ಲ." ವೆಬ್‌ಸೈಟ್ ಇಲ್ಲದಿರುವುದೇ ಅದರ ಗುಟ್ಟು. ಆ ಹೆಸರನ್ನು ಕೊಂಡದ್ದೇ ಇಮೇಲ್ ಕಳಿಸುವುದಕ್ಕೆ, ಮತ್ತೇನಕ್ಕೂ ಅಲ್ಲ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್, ನೋಂದಣಿ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ 2024ರ ಏಪ್ರಿಲ್‌ನಿಂದ ಹೊಸ ಷರತ್ತು ಬಂದಿದೆ. ಫಿಶಿಂಗ್‌ನಂಥ (ನಂಬಿಕಸ್ಥರ ಸೋಗಿನಲ್ಲಿ ಬಲೆ ಬೀಸುವಂಥ) ದುರುಪಯೋಗಕ್ಕೆ ಸಾಕಷ್ಟು ಸಾಕ್ಷ್ಯ ಸಿಕ್ಕಿದರೆ ನೋಂದಣಿ ಕಂಪನಿ ಕೂಡಲೇ ಕ್ರಮ ಕೈಗೊಳ್ಳಲೇಬೇಕು, ದೂರು ತಲುಪಿತೆಂದು ದೂರುದಾರರಿಗೆ ತಿಳಿಸಲೇಬೇಕು. ಷರತ್ತು ಚೆನ್ನಾಗಿದೆ. ಆದರೆ ಸಾಕ್ಷ್ಯವೆಂದರೆ ವೆಬ್‌ಪುಟದ ಚಿತ್ರ ಮಾತ್ರ ಎಂದು ನೀವು ತೀರ್ಮಾನಿಸಿಕೊಂಡರೆ, ನಮ್ಮಂಥವರ ದೂರಿಗೆ ಅಲ್ಲಿ ಜಾಗವೇ ಇಲ್ಲ. ನಾನು ಈ ಸಾಲು ಬರೆಯುತ್ತಿರುವಾಗಲೂ ಆ ಡೊಮೇನ್ ಜೀವಂತವಾಗಿದೆ.

ನಿಮ್ಮಿಂದ ಆಗದ್ದನ್ನು ಕೇಳುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ಸೇರಿ, ರಾಶಿರಾಶಿ ಪತ್ರ ಕಳಿಸುವವರು ಆ ಮೂರು ತಪಾಸಣೆಗಳನ್ನೂ ಇಟ್ಟುಕೊಳ್ಳಲೇಬೇಕೆಂಬ ನಿಯಮ ಜಾರಿಗೆ ತಂದವು. ಗೂಗಲ್‌ನ ಲೆಕ್ಕದಲ್ಲಿ, ಜಿಮೇಲ್ ವಿಳಾಸಗಳಿಗೆ ದಿನಕ್ಕೆ ಸುಮಾರು 5,000 ಅಥವಾ ಅದಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಇದು ಅನ್ವಯ. ಎಷ್ಟೋ ವ್ಯಾಪಾರಿಗಳು ಅದಕ್ಕೆ ತಕ್ಕಂತೆ ತಮ್ಮ ವ್ಯವಸ್ಥೆ ಸರಿಮಾಡಿಕೊಂಡರು. ನೀವು ಮನಸ್ಸು ಮಾಡಿದರೆ ಜಗತ್ತೇ ಹಿಂಬಾಲಿಸುತ್ತದೆ. ದೂರಿನ ವಿಷಯದಲ್ಲೂ ದಾರಿ ಇದೆ. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2020ರ ಏಪ್ರಿಲ್‌ನಲ್ಲಿ ಅನುಮಾನದ ಪತ್ರಗಳಿಗೆಂದೇ ಒಂದು ವಿಳಾಸ ತೆರೆಯಿತು. ಯಾರು ಬೇಕಾದರೂ ಅಲ್ಲಿಗೆ ಪತ್ರವನ್ನು ದಾಟಿಸಬಹುದು, ಅವರ ಯಂತ್ರಗಳು ಅದನ್ನು ತಪಾಸಣೆ ಮಾಡಿ ಮೋಸದ ತಾಣಗಳನ್ನು ತೆಗೆಸುತ್ತವೆ. ಒಂದು ಸರ್ಕಾರಿ ಕಚೇರಿಗೆ ಸಾಧ್ಯವಾದದ್ದು ಇಮೇಲನ್ನೇ ಕಸುಬು ಮಾಡಿಕೊಂಡ ನಿಮಗೆ ಸಾಧ್ಯ.

ನನ್ನ ಬೇಡಿಕೆಗಳಲ್ಲಿ ಮೊದಲನೆಯದು, ಮತ್ತು ಉಳಿದೆಲ್ಲಕ್ಕಿಂತ ದೊಡ್ಡದು, ದೂರಿಗೆ ಉತ್ತರ. ದೂರು ಕೊಟ್ಟವರಿಗೆ ಒಂದು ಸಂಖ್ಯೆ ಕೊಡಿ. ಏನಾಯಿತೆಂದು ನಂತರ ತಿಳಿಸಿ: ಖಾತೆ ಮುಚ್ಚಿದೆವು, ಅಥವಾ ಮುಚ್ಚಲಿಲ್ಲ, ಕಾರಣ ಇದು. ಎರಡೇ ಸಾಲು ಸಾಕು. ಪೊಲೀಸರಿಗೋ ಬ್ಯಾಂಕಿಗೋ ತೋರಿಸಲು ಅದೇ ನಮ್ಮ ಕೈಯಲ್ಲಿರುವ ಕಾಗದ. ಮೋಸದ ದೂರನ್ನು ಬೇಡದ ಜಾಹೀರಾತಿನ ದೂರಿನ ಜೊತೆ ಒಂದೇ ಗುಂಡಿಯಲ್ಲಿ ಬೆರೆಸಬೇಡಿ. ಅಂಗಡಿಯ ರಿಯಾಯಿತಿ ಪತ್ರ ಬೇಡ ಎನ್ನುವುದೂ, ನನ್ನ ಹಣ ಹೋಯಿತು ಎನ್ನುವುದೂ ಒಂದೇ ತೂಕದ ಮಾತಲ್ಲ. ಹಣ ಹೋಗಿದೆ ಎಂದು ಹೇಳುವುದಕ್ಕೆ ಬೇರೆಯೇ ಒಂದು ದಾರಿ ಇರಲಿ, ಅದರ ಕೊನೆಯಲ್ಲಿ ಮನುಷ್ಯರಿರಲಿ.

ದೂರಿನ ಪೆಟ್ಟಿಗೆಗೆ ಸೋಸುವ ಯಂತ್ರ ಹಾಕಬೇಡಿ. ಅಲ್ಲಿಗೆ ಬರುವ ಪತ್ರಗಳಲ್ಲಿ ವಿಷ ಇದ್ದೇ ಇರುತ್ತದೆ, ಅದನ್ನು ತೋರಿಸುವುದಕ್ಕೇ ತಾನೇ ಜನ ಕಳಿಸುವುದು. ಅಪಾಯವಿದ್ದರೆ ಬೇರೆಯಾಗಿಟ್ಟು ತೆರೆಯುವ ಉಪಾಯ ನಿಮಗೆ ಗೊತ್ತೇ ಇದೆ.

ಒಬ್ಬರ ದೂರು ಸಾಬೀತಾದ ಮೇಲೆ ಅದೇ ವಿಳಾಸದಿಂದ ಪತ್ರ ಪಡೆದ ಉಳಿದವರಿಗೂ ತಿಳಿಸಿ. ಪತ್ರ ಆಗಲೇ ಇನ್‌ಬಾಕ್ಸಿನಲ್ಲಿ ಕೂತಿದ್ದರೂ ಸರಿ, ಅದರ ತಲೆಯ ಮೇಲೆ ಕೆಂಪು ಪಟ್ಟಿ ಬರಲಿ. ನಮಗಿಂತ ಒಂದು ವಾರ ಮೊದಲು ಎಚ್ಚೆತ್ತವರ ಮಾತು ನಮ್ಮನ್ನು ತಲುಪಿದ್ದರೆ ಅಕ್ಕ ಆ ಹಣ ಕಳಿಸುತ್ತಲೇ ಇರಲಿಲ್ಲ.

ಮೊಬೈಲ್‌ನಲ್ಲಿ ಪೂರ್ತಿ ವಿಳಾಸ ತೋರಿಸಿ. ಹಳೆಯ ಸರಣಿಯೊಳಗೆ ಹೊಸ ವಿಳಾಸ ಬಂದು ಸೇರಿದರೆ ಅದನ್ನು ಅಲ್ಲೇ ಹೇಳಿ. ಪೆಟ್ಟಿಗೆಯಲ್ಲಿ ಯಾರಾದರೂ ಪತ್ರ ಹೊರಗೆ ಸಾಗಿಸುವ ನಿಯಮ ಬರೆದರೆ, ಒಡೆಯರ ಫೋನಿಗೆ ಆ ಕ್ಷಣವೇ ಸುದ್ದಿ ಹೋಗಲಿ.

ನೋಂದಣಿ ಕಂಪನಿಗಳವರೇ, ಇಮೇಲ್ ಹೆಡರನ್ನು ಸಾಕ್ಷ್ಯವೆಂದು ಒಪ್ಪಿಕೊಳ್ಳಿ. ವೆಬ್‌ಸೈಟ್ ಇಲ್ಲ ಎಂಬುದು ಉತ್ತರವಲ್ಲ.

ಈ ಪತ್ರವನ್ನು ಅಕ್ಕನ ಹಾಗೆ ಮೋಸಹೋದವರೂ ಓದಬಹುದು. ಅವರಿಗಾಗಿ ನಾಲ್ಕು ಮಾತು. ಪತ್ರ ಅಳಿಸಬೇಡಿ. ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಪೊಲೀಸರಿಗೆ, ಗಂಟೆ ತಡಮಾಡಬೇಡಿ. ಕಳ್ಳರಿಗೆ ಉತ್ತರ ಬರೆಯಬೇಡಿ, ಬೈದು ಕೂಡ ಬರೆಯಬೇಡಿ. ಪಾಸ್‌ವರ್ಡ್ ಎಲ್ಲಾದರೂ ಕೊಟ್ಟಿದ್ದರೆ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ಔಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ನೀವು ಬರೆಯದ ನಿಯಮ ಯಾವುದಾದರೂ ಇದೆಯೇ ನೋಡಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಖಾತೆ ಬದಲಾಗಿದೆ ಎಂದು ಯಾರೇ ಬರೆದರೂ ಅವರಿಗೆ ಫೋನ್ ಮಾಡಿ ಕೇಳಿ, ಆ ಪತ್ರದಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ. ನಮ್ಮ ಕಚೇರಿಯಲ್ಲಿ ಈಗ ಇದು ಕಟ್ಟುನಿಟ್ಟು. ಹೀಗೆ ಫೋನ್ ಮಾಡಿ ಕೇಳುವವರು ಅಕ್ಕನೇ.

ಮುಖ್ಯಸ್ಥರೇ, ನನ್ನ ದೂರನ್ನು ಈ ಪತ್ರದ ಜೊತೆ ನಿಮ್ಮಲ್ಲಿ ಸಂಬಂಧಪಟ್ಟವರಿಗೆ ಮತ್ತೊಮ್ಮೆ ಕಳಿಸುತ್ತಿದ್ದೇನೆ. ಹೆಡರ್ ಪೂರ್ತಿ ಇದೆ, ನೋಂದಣಿಯ ದಿನಾಂಕ ಇದೆ, ಪೊಲೀಸ್ ದೂರಿನ ಪ್ರತಿ ಇದೆ. ನಿಮ್ಮ ಯಂತ್ರ ತಿರುಗಿಸದಿರಲೆಂದು ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಮಾಡಿ, ಅಂಚೆಯಲ್ಲಿ ಹಾಕಿದ್ದೇನೆ. ತಲುಪಿತೆಂದು ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ಇತಿ ವಂದನೆಗಳೊಂದಿಗೆ,

ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ವಿಭಾಗದಿಂದ,
ನಿಮ್ಮ ಬಳಕೆದಾರಳು